ಬಳಸಿದ ಕಲರ್ ಎನ್‌ಲಾರ್ಜರ್‌ನ ಹೀಟ್ ಫಿಲ್ಟರ್: ದೋಷ ಹುಡುಕುವುದು, ಗಾಜು ಬದಲಿಸುವುದು

ಎನ್‌ಲಾರ್ಜರ್ ಎಂದರೆ ನೆಗೆಟಿವ್‌ನ ಬಿಂಬವನ್ನು ದೊಡ್ಡದು ಮಾಡಿ ಫೋಟೊ ಕಾಗದದ ಮೇಲೆ ಬೀಳಿಸುವ ಯಂತ್ರ. ದೀಪ ಮತ್ತು ಬಣ್ಣದ ಫಿಲ್ಟರ್‌ಗಳಿರುವ ಅದರ ಮೇಲ್ಭಾಗವೇ ಕಲರ್ ಹೆಡ್. ಸೆಕೆಂಡ್ ಹ್ಯಾಂಡ್ ಕಲರ್ ಹೆಡ್‌ನ ಮುಚ್ಚಳ ತೆಗೆದಾಗ ದೀಪದ ಮುಂದಿನ ಗಾಜು ಎರಡು ಹೋಳಾಗಿ ನಿಂತಿರುವುದು, ಇಲ್ಲವೇ ಅಲ್ಲಿ ಗಾಜೇ ಇಲ್ಲದೆ ಖಾಲಿ ಚೌಕಟ್ಟು ಮಾತ್ರ ಇರುವುದು ಅಪರೂಪವಲ್ಲ. ಹೊಸ ಗಾಜು ತಂದು ಕೂರಿಸಿಬಿಡೋಣ ಎಂದು ಕೈ ಮುಂದಾಗುತ್ತದೆ. ಆದರೆ ದೀಪದ ಶಾಖ ತಡೆಯುವ ಈ ಗಾಜು, ಅಂದರೆ ಹೀಟ್ ಫಿಲ್ಟರ್, ಸುಮ್ಮನೆ ಒಡೆಯುವುದಿಲ್ಲ. ತಪ್ಪು ದೀಪ, ನಿಂತ ಫ್ಯಾನ್, ಬಿಗಿಯಾದ ಕ್ಲಿಪ್, ಉದುರಿದ ಕೋಟಿಂಗ್, ಇವುಗಳಲ್ಲಿ ಒಂದು ಅದರ ಹಿಂದೆ ಇರುತ್ತದೆ. ಅದನ್ನು ಹುಡುಕದೆ ಹಾಕಿದ ಹೊಸ ಗಾಜೂ ಅದೇ ದಾರಿ ಹಿಡಿಯುತ್ತದೆ. ಇನ್ನೊಂದು ತೊಂದರೆ ಬಣ್ಣದ್ದು. ಅಳತೆ ಸರಿಯಾಗಿದ್ದೂ ಬಗೆ ಬೇರೆಯಾದ ಗಾಜು ಹಾಕಿದರೆ ಪ್ರಿಂಟ್‌ನ ಬಣ್ಣ ಎಲ್ಲೋ ಹೋಗಿ ನಿಲ್ಲುತ್ತದೆ.

ಈ ಗಾಜಿನ ಕೆಲಸ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ: 3200 ಕೆಲ್ವಿನ್ ತಾಪದ ಹ್ಯಾಲೊಜೆನ್ ತಂತಿಯ ವಿಕಿರಣ ಅತಿ ಹೆಚ್ಚಿರುವುದು ಸುಮಾರು 900 ನ್ಯಾನೊಮೀಟರ್ ಬಳಿ, ಅಂದರೆ ಕಣ್ಣಿಗೆ ಕಾಣದ ಅವಗೆಂಪಿನಲ್ಲಿ. ದೀಪಕ್ಕೆ ಕೊಟ್ಟ ವಿದ್ಯುತ್ತಿನ ಬಹುಪಾಲು ಬೆಳಕಾಗುವುದೇ ಇಲ್ಲ, ಶಾಖವಾಗಿಯೇ ಹೊರಡುತ್ತದೆ. ಅದನ್ನು ನೆಗೆಟಿವ್‌ನಿಂದ ದೂರ ಇಡುವುದು ಈ ಒಂದೆರಡು ಚದರ ಗಾಜುಗಳು.

ಯಾವ ಲಕ್ಷಣಕ್ಕೆ ಎಲ್ಲಿ ನೋಡಬೇಕು

ನೆಗೆಟಿವ್ ಉಬ್ಬುವುದು ಮೊದಲ ಸೂಚನೆ. ಗಾಜಿಲ್ಲದ ಕ್ಯಾರಿಯರ್‌ನಲ್ಲಿ (ನೆಗೆಟಿವ್ ಹಿಡಿಯುವ ಚೌಕಟ್ಟು) ನೆಗೆಟಿವ್ ಇಟ್ಟು, ಗ್ರೇನ್ ಫೋಕಸರ್‌ನಲ್ಲಿ (ಬಿಂಬದ ಕಣಗಳನ್ನು, ಅಂದರೆ ಗ್ರೇನನ್ನು, ದೊಡ್ಡದಾಗಿ ತೋರಿಸುವ ಸಾಧನ) ನಡುಭಾಗವನ್ನು ಚೂಪಾಗಿ ಹೊಂದಿಸಿ, ದೀಪ ಆರಿಸಿ ಎಲ್ಲವೂ ತಣ್ಣಗಾಗಲು ಬಿಡಿ. ಮತ್ತೆ ಹೊತ್ತಿಸಿ, ಫೋಕಸ್ ಮುಟ್ಟದೆ, ಒಂದು ನಿಮಿಷ ಗ್ರೇನ್ ನೋಡುತ್ತಿರಿ. ನಡುಭಾಗ ಇದ್ದಕ್ಕಿದ್ದಂತೆ ಮಸುಕಾಗಿ ಅಂಚುಗಳು ಚೂಪಾಗಿಯೇ ಉಳಿದರೆ ಫಿಲ್ಮ್ ಶಾಖಕ್ಕೆ ಬಾಗಿದೆ. ಸ್ವಲ್ಪ ಉಬ್ಬುವುದು ಒಳ್ಳೆಯ ಹೆಡ್‌ನಲ್ಲೂ ಇದೆ. ಆದರೆ ಹತ್ತು ಸೆಕೆಂಡಿನೊಳಗೆ ಉಬ್ಬಿದರೆ ಹೀಟ್ ಫಿಲ್ಟರನ್ನು ಅನುಮಾನಿಸಲೇಬೇಕು.

ಫಿಲ್ಟರ್ ದಾಟಿದ ಬೆಳಕನ್ನು ಬೆರೆಸಿ ಸಮನಾಗಿ ಹರಡುವ ಪೆಟ್ಟಿಗೆ, ಅಂದರೆ ಮಿಕ್ಸಿಂಗ್ ಬಾಕ್ಸ್, ಎರಡನೆಯ ಸಾಕ್ಷಿ. ಬಹಳಷ್ಟು ಹೆಡ್‌ಗಳಲ್ಲಿ ಅದರ ಒಳಮೈ ಬಿಳಿ ಪಾಲಿಸ್ಟೈರೀನ್ ಫೋಮ್. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬೆಳಕು ಒಳಬರುವ ಕಿಂಡಿಯ ಎದುರಿನ ಗೋಡೆಯಲ್ಲಿ ಹಳದಿ ಅಥವಾ ಕಂದು ಕಲೆ, ಹೊಳೆಯುವ ಕುಳಿ ಕಂಡರೆ ಆ ಹೆಡ್ ಬಹುಕಾಲ ಹೀಟ್ ಫಿಲ್ಟರ್ ಇಲ್ಲದೆ, ಅಥವಾ ಒಡೆದ ಫಿಲ್ಟರ್‌ನಲ್ಲೇ ಓಡಿದೆ. ಆಗ ಬಾಕ್ಸನ್ನೂ ಬದಲಿಸಬೇಕು. ಹಳದಿಯಾದ ಗೋಡೆ ನೀಲಿ ಬೆಳಕನ್ನು ತಿನ್ನುತ್ತದೆ, ಪ್ರಿಂಟ್‌ನ ಮೂಲೆ ಮೂಲೆಗೆ ಬಣ್ಣ ಬೇರೆಯಾಗುತ್ತದೆ.

ಮೂರನೆಯದು ಬಣ್ಣವೇ. ಆರ್‌ಎ-4 ಕಾಗದದ (ನೆಗೆಟಿವ್‌ನಿಂದ ಕಲರ್ ಪ್ರಿಂಟ್ ಮಾಡುವ ಕಾಗದ) ಸಯಾನ್ (ನೀಲಿಹಸಿರು) ಪದರದ ಸಂವೇದನೆ 700 ನ್ಯಾನೊಮೀಟರ್ ಹತ್ತಿರದ ಕಡುಗೆಂಪಿಗೆ ಜೋರಾಗಿದೆ. ಶಾಖ ಹೀರುವ ಗಾಜು ಈ ಭಾಗದಲ್ಲೂ ಒಂದಿಷ್ಟು ಬೆಳಕು ಕಡಿಮೆ ಮಾಡುತ್ತದೆ. ಗಾಜು ಕಾಣೆಯಾಗಿದ್ದರೆ ಕಾಗದಕ್ಕೆ ಕೆಂಪು ಹೆಚ್ಚಾಗಿ ತಲುಪಿ ಪ್ರಿಂಟ್ ಸಯಾನ್ ಕಡೆಗೆ ವಾಲುತ್ತದೆ. ಅದನ್ನು ಸರಿಮಾಡಲು ಹೆಡ್‌ನ ಬಣ್ಣದ ಫಿಲ್ಟರ್ ಡಯಲ್‌ಗಳಲ್ಲಿ ಹಳದಿ ಮತ್ತು ಮಜೆಂಟಾ ಎರಡನ್ನೂ ಸಮನಾಗಿ ಇಳಿಸುತ್ತ ಹೋಗಬೇಕಾಗುತ್ತದೆ. ಹೀಗೆ ಇಳಿಸಿ ಡಯಲ್ ಸೊನ್ನೆಯ ಹತ್ತಿರ ಬಂದು ನಿಂತರೆ ಕಾಗದವನ್ನೂ ರಾಸಾಯನಿಕವನ್ನೂ ಬೈಯುವ ಮೊದಲು ಹೆಡ್ ತೆರೆದು ನೋಡಿ. ನೇರಳಾತೀತ (ಯುವಿ) ಬೆಳಕನ್ನು ತಡೆಯುವ ಯುವಿ ಗಾಜು ಕಾಣೆಯಾಗಿದ್ದರೆ ಲಕ್ಷಣ ಬೇರೆ. ನೀಲಿಗೆ ಸಂವೇದಿಸುವ ಪದರ ನೇರಳಾತೀತವನ್ನೂ ಹಿಡಿದುಕೊಂಡು ಪ್ರಿಂಟ್ ಹಳದಿಯಾಗುತ್ತದೆ, ಡಯಲ್‌ನಲ್ಲಿ ಹಳದಿ ಏರಿಸುತ್ತಲೇ ಇರಬೇಕಾಗುತ್ತದೆ.

ದೀಪದ ಕೆಳಗೆ ಡ್ರಾಯರ್ ಇರುವ ಕಂಡೆನ್ಸರ್ ಮಾದರಿಗಳಲ್ಲಿ (ಬೆಳಕನ್ನು ಮಸೂರಗಳಿಂದ ಕೂಡಿಸುವಂಥವು) ಇನ್ನೊಂದು ಸುಳಿವು ಸಿಗುತ್ತದೆ: ಅಸಿಟೇಟ್ ಫಿಲ್ಟರ್‌ಗಳ ನಡುಭಾಗ ಬಣ್ಣಗೆಟ್ಟು ಸುರುಟಿಕೊಂಡಿರುತ್ತದೆ. ಕಲರ್ ಹೆಡ್‌ನ ಡೈಕ್ರೋಯಿಕ್ ಫಿಲ್ಟರ್‌ಗಳು (ಬೆಳಕಿನ ಕೆಲವು ಬಣ್ಣ ದಾಟಿಸಿ ಉಳಿದದ್ದನ್ನು ಪ್ರತಿಫಲಿಸುವಂಥವು) ಗಾಜಿನ ಮೇಲಿನ ಲೋಹ ಆಕ್ಸೈಡ್ ಪದರಗಳಾದ್ದರಿಂದ ಹಾಗೆ ಮಾಸುವುದಿಲ್ಲ.

ತೆರೆಯುವ ಮುನ್ನ

ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಿ. ಸ್ವಿಚ್ ಆರಿಸಿದರೆ ಸಾಲದು, ಟೈಮರ್ ಮತ್ತು ಟ್ರಾನ್ಸ್‌ಫಾರ್ಮರ್ ಎರಡರ ಪ್ಲಗ್ ಕೂಡ ಕೀಳಬೇಕು. ಕಣ್ಣಿಗೆ ಕನ್ನಡಕ, ಕೈಗೆ ನಾರು ಬಿಡದ ಗ್ಲೌಸ್ ಹಾಕಿಕೊಳ್ಳಿ. ದೀಪದ ಕ್ವಾರ್ಟ್ಸ್ ಬುರುಡೆಗೆ ಬೆರಳು ತಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಬೆವರಿನ ಉಪ್ಪು ಕಾದ ಕ್ವಾರ್ಟ್ಸ್ ಮೇಲೆ ಬಿಳಿಚುಕ್ಕೆ ಎಬ್ಬಿಸಿ ಬುರುಡೆಯನ್ನು ದುರ್ಬಲ ಮಾಡುತ್ತದೆ.

ತುಂಬಾ ಹಳೆಯ ಲ್ಯಾಂಪ್‌ಹೌಸ್‌ಗಳಲ್ಲಿ (ದೀಪ ಕೂರುವ ಗೂಡು) ತಂತಿಯ ಹೊದಿಕೆಯಾಗಿಯೋ ತಡೆಹಲಗೆಯಾಗಿಯೋ ಆಸ್ಬೆಸ್ಟಾಸ್ ಇರಬಹುದು. ಬೂದುಬಿಳಿ ಬಣ್ಣದ, ನಾರುನಾರಾಗಿ ಉದುರುವ ವಸ್ತು ಕಂಡರೆ ಊದಬೇಡಿ, ಕೆರೆಯಬೇಡಿ. ಮುಚ್ಚಿಟ್ಟು ಬಲ್ಲವರಿಗೆ ಒಪ್ಪಿಸಿ.

ಹೋಲ್ಡರ್ ಹೊರತೆಗೆಯುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಗಾಜು ಮುಂದೆ, ಯಾವುದು ಹಿಂದೆ, ಯಾವ ಮುಖ ದೀಪದ ಕಡೆಗಿದೆ ಎಂಬುದು ಕೈಯಲ್ಲಿ ಹಿಡಿದ ಮೇಲೆ ನೆನಪಾಗುವುದಿಲ್ಲ. ಒಡೆದ ಚೂರುಗಳನ್ನು ಎಸೆಯದೆ ಬಿಳಿ ಕಾಗದದ ಮೇಲೆ ಜೋಡಿಸಿಡಿ. ಮುಂದಿನ ತನಿಖೆ ನಡೆಯುವುದು ಅವುಗಳ ಮೇಲೆಯೇ.

ಕೈಯಲ್ಲಿರುವುದು ಯಾವ ಗಾಜು

‘ಹೀಟ್ ಫಿಲ್ಟರ್’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಗಾಜುಗಳು ಓಡಾಡುತ್ತವೆ. ಒಂದು ಹೆಡ್‌ನಲ್ಲಿ ಮೂರೂ ಇರಬಹುದು, ಒಂದೇ ಇರಬಹುದು.

ಮೊದಲನೆಯದು ಶಾಖ ಹೀರುವ ಗಾಜು. ಶಾಟ್ ಕಂಪನಿಯ ಕೆಜಿ ಸರಣಿ ಇದಕ್ಕೆ ಚಿರಪರಿಚಿತ ಉದಾಹರಣೆ. ಗಾಜಿನೊಳಗೇ ಕರಗಿರುವ ಕಬ್ಬಿಣದ ಅಯಾನುಗಳು ಅವಗೆಂಪನ್ನು ನುಂಗುತ್ತವೆ. ಬಿಳಿ ಕಾಗದದ ಮೇಲೆ ಮಲಗಿಸಿ ಅಂಚಿನಿಂದ ನೋಡಿದರೆ ತಿಳಿಹಸಿರು ಅಥವಾ ನೀಲಿಹಸಿರು ಕಾಣುತ್ತದೆ. ಹೇಗೆ ವಾಲಿಸಿದರೂ ಆ ಬಣ್ಣ ಬದಲಾಗುವುದಿಲ್ಲ.

ಎರಡನೆಯದು ಹಾಟ್ ಮಿರರ್, ಅಂದರೆ ಶಾಖವನ್ನು ಹಿಂದಕ್ಕೆ ಪ್ರತಿಫಲಿಸುವ ಗಾಜು. ಇದರ ಶಕ್ತಿ ಮೇಲ್ಮೈಯ ತೆಳು ಪದರಗಳಲ್ಲಿದೆ. ನೇರ ನೋಟಕ್ಕೆ ಬಹುತೇಕ ಬಣ್ಣವಿಲ್ಲ. ವಾಲಿಸಿದರೆ ಬಣ್ಣ ಜಾರುತ್ತದೆ. ಮೂರನೆಯದು ಯುವಿ ಗಾಜು, 400 ನ್ಯಾನೊಮೀಟರ್‌ಗಿಂತ ಕೆಳಗಿನದನ್ನು ತಡೆಯುವಂಥದ್ದು. ಇದೂ ನೋಡಲು ನಿರ್ಮಲವಾಗಿರಬಹುದು, ಇಲ್ಲವೇ ಅಂಚಿನಲ್ಲಿ ತೀರ ನಸುಹಳದಿ ಛಾಯೆ ಇರಬಹುದು.

ಕಣ್ಣಂದಾಜು ಸಾಲದಿದ್ದರೆ ಎರಡು ಸರಳ ಪರೀಕ್ಷೆಗಳಿವೆ. ಟಿವಿ ರಿಮೋಟ್‌ನ ಎಲ್‌ಇಡಿಗಳು ಸಾಮಾನ್ಯವಾಗಿ 940 ನ್ಯಾನೊಮೀಟರ್‌ನಲ್ಲಿ ಬೆಳಗುತ್ತವೆ. ಫೋನ್ ಕ್ಯಾಮೆರಾದಲ್ಲಿ ಅದರ ಮಿನುಗು ಕಾಣುತ್ತದೆಯೇ ಎಂದು ಮೊದಲು ನೋಡಿ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ಕಾಣಬಹುದು. ಈಗ ರಿಮೋಟ್‌ಗೂ ಕ್ಯಾಮೆರಾಗೂ ನಡುವೆ ಗಾಜನ್ನು ನೇರವಾಗಿ ಹಿಡಿಯಿರಿ. ಮಿನುಗು ಪೂರ್ತಿ ಸತ್ತರೆ ಅಥವಾ ತೀರ ಮಂಕಾದರೆ ಅದು ಶಾಖ ತಡೆಯುವ ಗಾಜು. ಕಿಟಕಿ ಗಾಜು, ಬೋರೋಸಿಲಿಕೇಟ್ ಗಾಜು, ಯುವಿ ಗಾಜು ಇವೆಲ್ಲ ಮಿನುಗನ್ನು ಬಿಟ್ಟುಕೊಡುತ್ತವೆ. ಹಿಂದಿನ ಮಾಲೀಕರು ಸಾದಾ ಗಾಜು ಕತ್ತರಿಸಿ ಹಾಕಿರುವುದು ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲೇ.

ಯುವಿಗೆ 365 ನ್ಯಾನೊಮೀಟರ್ ಟಾರ್ಚ್ ಮತ್ತು ಸಾದಾ ಬಿಳಿ ಪ್ರಿಂಟರ್ ಕಾಗದ ಸಾಕು. ಕತ್ತಲಲ್ಲಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಯುವಿ ಗಾಜು ಅಡ್ಡ ಬಂದರೆ ಹೊಳಪು ನಿಲ್ಲುತ್ತದೆ. ಟಾರ್ಚ್‌ನ ಕಿರಣ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

ಕೋಟಿಂಗ್ ಯಾವ ಮುಖದಲ್ಲಿದೆ ಎಂದು ತಿಳಿಯಲು ಚೂಪಾಗಿ ಕತ್ತರಿಸಿದ ಕಾಗದದ ಮೂಲೆಯನ್ನು ಗಾಜಿಗೆ ಮೃದುವಾಗಿ ತಾಗಿಸಿ, ಓರೆಯಾಗಿ ನೋಡಿ. ಕೋಟಿಂಗ್ ಇರುವ ಮುಖದಲ್ಲಿ ಬಣ್ಣದ ಗಾಢ ಪ್ರತಿಬಿಂಬ ಕಾಗದದ ತುದಿಯನ್ನು ಮುಟ್ಟಿಕೊಂಡೇ ಇರುತ್ತದೆ. ಇನ್ನೊಂದು ಮುಖದಲ್ಲಿ ತುದಿಗೂ ಆ ಬಣ್ಣದ ಬಿಂಬಕ್ಕೂ ನಡುವೆ ಗಾಜಿನ ದಪ್ಪದ ಅಂತರ ಉಳಿಯುತ್ತದೆ. ಪೆನ್ಸಿಲ್ ಬೇಡ, ಹಳೆಯ ಮೆದು ಕೋಟಿಂಗ್ ಗೀರಿಹೋಗುತ್ತದೆ.

ಬಿರುಕನ್ನು ಓದುವುದು

ಈ ಹೆಜ್ಜೆಯನ್ನು ದಾಟಿಸಿ ಮುಂದೆ ಹೋಗುವವರೇ ಹೆಚ್ಚು. ನಮ್ಮ ಪ್ರಕಾರ ಇಡೀ ದುರಸ್ತಿಯ ಯಶಸ್ಸು ನಿಂತಿರುವುದು ಇಲ್ಲಿ.

ಬೆಳಕು ಬಿದ್ದ ನಡುಭಾಗ ಕಾದು ಹಿಗ್ಗಲು ನೋಡುತ್ತದೆ. ಹೋಲ್ಡರ್‌ನ ನೆರಳಲ್ಲಿ ತಣ್ಣಗಿರುವ ಅಂಚು ಅದನ್ನು ಹಿಡಿದಿಡುತ್ತದೆ. ಹೀಗಾಗಿ ನಡುಭಾಗ ಅದುಮಿಸಿಕೊಳ್ಳುತ್ತದೆ, ಅಂಚು ಎಳೆತಕ್ಕೆ ಸಿಗುತ್ತದೆ. ಗಾಜು ಅದುಮುವಿಕೆಯನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಚಕ್ಕೆ ಎದ್ದಿದ್ದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಚೂರುಗಳನ್ನು ಜೋಡಿಸಿ, ಬಿರುಕು ಅಂಚನ್ನು ಸೇರುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಬಿರುಕು ಅಂಚಿಗೆ ಲಂಬವಾಗಿ ಹೊರಟು, ಒಂದೆರಡು ಸೆಂಟಿಮೀಟರ್ ಒಳಗೆ ಹೋದ ಮೇಲೆ ಬಾಗಿ ಅಲೆದಾಡಿದ್ದರೆ ಅದು ಶಾಖದ ಒಡಕು: ಶಾಖ ಮಿತಿ ಮೀರಿದೆ ಅಥವಾ ಗಾಳಿ ಸಾಲುತ್ತಿಲ್ಲ. ಬಿರುಕು ಸರಿಯಾಗಿ ಕ್ಲಿಪ್ ಒತ್ತುವ ಜಾಗದಲ್ಲೇ, ಚಿಪ್ಪಿನಾಕಾರದ ಸಣ್ಣ ಚಕ್ಕೆಯೊಂದಿಗೆ ಶುರುವಾಗಿದ್ದರೆ ತಪ್ಪು ಹೋಲ್ಡರ್‌ನದು. ಗಾಜು ಸಣ್ಣ ಸಣ್ಣ ಕಾಳುಗಳಾಗಿ ಪುಡಿಯಾಗಿದ್ದರೆ ಅದು ಟೆಂಪರ್ ಮಾಡಿದ (ಕಾಯಿಸಿ ತಟ್ಟನೆ ತಣಿಸಿ ಗಟ್ಟಿಮಾಡಿದ) ಗಾಜು, ಅಂಚಿಗೆ ಪೆಟ್ಟು ಬಿದ್ದಿರುವ ಸಾಧ್ಯತೆ ಹೆಚ್ಚು. ಒಂದೇ ಅಗಲದ ಎರಡು ಮೂರು ಪಟ್ಟಿಗಳು ನೇರ ಅಂಚಿನೊಂದಿಗೆ ಪಕ್ಕಪಕ್ಕ ಕೂತಿದ್ದರೆ ಅದು ಒಡೆದದ್ದೇ ಅಲ್ಲ! ಎಳೆತ ಹುಟ್ಟದಿರಲೆಂದು ಕೆಲವು ಲ್ಯಾಂಪ್‌ಹೌಸ್‌ಗಳಲ್ಲಿ ಗಾಜನ್ನು ಪಟ್ಟಿಗಳಾಗಿಯೇ ಕತ್ತರಿಸಿ ಹಾಕಿರುತ್ತಾರೆ. ಅದನ್ನು ಹಾಗೆಯೇ ಬಿಡಿ.

ಹಾಟ್ ಮಿರರ್‌ನಲ್ಲಿ ನೋಡಬೇಕಾದ್ದು ಕೋಟಿಂಗ್. ಜೇಡನ ಬಲೆಯಂಥ ಸಣ್ಣ ಗೆರೆಗಳು, ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣವಿರುವ ಖಾಲಿ ತೇಪೆಗಳು ಕಂಡರೆ ಪದರ ಉದುರುತ್ತಿದೆ. ಉದುರಿದ ಜಾಗದಿಂದ ನುಗ್ಗಿದ ಶಾಖ ಹಿಂದಿನ ಹೀರುವ ಗಾಜಿನ ಒಂದೇ ಬಿಂದುವನ್ನು ಸುಡುತ್ತದೆ. ಹೀರುವ ಗಾಜು ಮಾತ್ರ ಒಡೆದಿದ್ದರೂ ಮುಂದಿನ ಮಿರರನ್ನು ಪರೀಕ್ಷಿಸದೆ ಬಿಡಬಾರದು ಎನ್ನುವುದು ಇದಕ್ಕೇ. ಹೀರುವ ಗಾಜಿನ ಮೇಲ್ಮೈ ತೇವಕ್ಕೆ ಮಂಜಿನಂತೆ ಮಸುಕಾಗುವುದೂ ಉಂಟು. ಒರೆಸಿದರೂ ಹೋಗದ ಮಸುಕಾದರೆ ಬದಲಿಸುವುದೇ ದಾರಿ.

ಕಾರಣ: ದೀಪ, ವೋಲ್ಟೇಜ್, ಗಾಳಿ

ದೀಪವನ್ನು ಹೊರತೆಗೆದು ಅದರ ರಿಫ್ಲೆಕ್ಟರ್‌ನ ಹಿಂಭಾಗ ನೋಡಿ. ಅನೇಕ ಕಲರ್ ಹೆಡ್‌ಗಳು 12 ವೋಲ್ಟ್ 100 ವ್ಯಾಟ್‌ನ ಇಎಫ್‌ಪಿ ಅಥವಾ 24 ವೋಲ್ಟ್ 250 ವ್ಯಾಟ್‌ನ ಇಎಲ್‌ಸಿ ದೀಪ ಬಳಸುತ್ತವೆ. ಎರಡರಲ್ಲೂ 50 ಮಿ.ಮೀ. ವ್ಯಾಸದ ಡೈಕ್ರೋಯಿಕ್ ರಿಫ್ಲೆಕ್ಟರ್ ಇದೆ. ಅದು ಬೆಳಕನ್ನು ಮುಂದಕ್ಕೆ ಎಸೆದು ಶಾಖದ ದೊಡ್ಡ ಪಾಲನ್ನು ತನ್ನ ಬೆನ್ನಿನಿಂದ ಹೊರಬಿಡುತ್ತದೆ. ಉರಿಯುವಾಗ ಹಿಂದಿನಿಂದ ಬಣ್ಣದ ಬೆಳಕು ಸೋರುವುದು ಇದರ ಗುರುತು. ಅದೇ ಗಾತ್ರದ, ಅದೇ ಪಿನ್‌ನ ಅಲ್ಯುಮಿನಿಯಂ ಲೇಪದ ದೀಪವೂ ಹೋಲ್ಡರ್‌ಗೆ ಕೂರುತ್ತದೆ. ಅದರ ಬೆನ್ನು ಪೂರ್ತಿ ಅಪಾರದರ್ಶಕ. ಶಾಖವೆಲ್ಲ ಮುಂದಕ್ಕೇ ಬರುತ್ತದೆ. ಹೀಟ್ ಫಿಲ್ಟರ್ ಮತ್ತೆ ಮತ್ತೆ ಒಡೆಯುವ ಹೆಡ್‌ಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ವೋಲ್ಟೇಜನ್ನು ದೀಪ ಉರಿಯುತ್ತಿರುವಾಗ ಹೋಲ್ಡರ್‌ನ ಬಳಿ ಅಳೆಯಿರಿ. ಖಾಲಿ ಟ್ರಾನ್ಸ್‌ಫಾರ್ಮರ್ ತೋರಿಸುವ ಅಂಕಿಗೆ ಅರ್ಥವಿಲ್ಲ. ಕೆಲವು ಸ್ಟೆಬಿಲೈಸರ್‌ಗಳು ಅಲೆಯನ್ನು ಕತ್ತರಿಸಿ ಕೊಡುವುದರಿಂದ ಟ್ರೂ ಆರ್‌ಎಂಎಸ್ ಮೀಟರ್ (ಅಲೆಯ ಆಕಾರ ಹೇಗಿದ್ದರೂ ಸರಿಯಾಗಿ ಅಳೆಯುವಂಥದ್ದು) ಬೇಕು, ಸಾದಾ ಮೀಟರ್ ತಪ್ಪು ಓದುತ್ತದೆ. ಹ್ಯಾಲೊಜೆನ್ ದೀಪಕ್ಕೆ 5 ಶೇಕಡಾ ಹೆಚ್ಚು ವೋಲ್ಟೇಜ್ ಹೋದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ದೀಪಗಳು ಬೇಗ ಬೇಗ ಹೋಗುತ್ತಿವೆ, ಗಾಜೂ ಒಡೆಯುತ್ತಿದೆ ಎಂದರೆ ಎರಡಕ್ಕೂ ಇದೊಂದೇ ಕಾರಣ ಇರಬಹುದು. ಹೋಲ್ಡರ್‌ನ ಸಂಪರ್ಕಗಳು ಕಪ್ಪಾಗಿದ್ದರೆ ದೀಪದ ಜೊತೆಗೇ ಹೋಲ್ಡರನ್ನೂ ಬದಲಿಸಿ.

ಫ್ಯಾನ್ ಇರುವ ಹೆಡ್‌ನಲ್ಲಿ ಅದು ಯಾವ ಕಡೆಗೆ ಊದುತ್ತದೆ ಎಂದು ಟಿಶ್ಯೂ ಕಾಗದದ ಚೂರಿನಿಂದ ನೋಡಿ. ದುರಸ್ತಿಯಲ್ಲಿ ತಿರುಗಾಮುರುಗಾ ಕೂರಿಸಿದ ಫ್ಯಾನ್, ದೀಪದ ಬಿಸಿಗಾಳಿಯನ್ನು ಹೊರಗೆ ಎಳೆಯುವ ಬದಲು ಫಿಲ್ಟರ್ ಮೇಲೆ ತಳ್ಳುತ್ತಿರಬಹುದು. ಫ್ಯಾನ್ ಮತ್ತು ದೀಪ ಒಂದೇ ಟೈಮರ್‌ಗೆ ಜೋಡಣೆಯಾಗಿದ್ದರೆ ಎಕ್ಸ್‌ಪೋಶರ್ ಮುಗಿದ ಕೂಡಲೇ ಗಾಳಿಯೂ ನಿಲ್ಲುತ್ತದೆ. ಟೈಮರ್‌ಗೆ ದೀಪ ಮಾತ್ರ ಬರುವಂತೆ ಮಾಡಿ, ಫ್ಯಾನ್ ಸತತ ಓಡಲಿ. ಫ್ಯಾನ್ ಇಲ್ಲದ ಹೆಡ್‌ಗಳಲ್ಲಿ ಬೆಳಕಿನ ಸೋರಿಕೆ ತಡೆಯಲೆಂದು ಯಾರಾದರೂ ಗಾಳಿಕಿಂಡಿಗೆ ಕಪ್ಪು ಟೇಪ್ ಅಂಟಿಸಿದ್ದಾರೆಯೇ ನೋಡಿ.

ಬದಲಿ ಗಾಜು

ಉದ್ದ, ಅಗಲ, ದಪ್ಪ ಮೂರನ್ನೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಅಳೆಯಬೇಕಾದ್ದು ಹೋಲ್ಡರ್‌ನ ಒಳ ಅಳತೆಯನ್ನೂ ಹೌದು. ಪ್ರತಿ ಬದಿಯಲ್ಲಿ ಅರ್ಧ ಮಿ.ಮೀ. ಸಡಿಲ ಇರಲಿ. 50 ಮಿ.ಮೀ. ಗಾಜು 200 ಡಿಗ್ರಿ ಕಾದರೂ ಹಿಗ್ಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ. ಉಳಿದ ಸಡಿಲ ಬೇಕಾಗಿರುವುದು ಶಾಖಕ್ಕೆ ಸೊಟ್ಟಗಾಗುವ ತಗಡಿನ ಚೌಕಟ್ಟಿಗಾಗಿ.

ಹೀರುವ ಗಾಜಿಗೆ ಹೀರುವ ಗಾಜು, ಮಿರರ್‌ಗೆ ಮಿರರ್. ಈ ನಿಯಮವನ್ನು ಸಡಿಲಿಸಬೇಡಿ. ಕೆಜಿ ಸರಣಿಯಲ್ಲೇ ಕೆಜಿ5 ಶಾಖವನ್ನು ಹೆಚ್ಚು ಬಿಗಿಯಾಗಿ ತಡೆಯುತ್ತದೆ, ಜೊತೆಗೆ ಕೆಂಪನ್ನೂ ಹೆಚ್ಚು ತಿನ್ನುತ್ತದೆ. ಕೆಜಿ1 ಬೆಳಕಿನ ಮಟ್ಟಿಗೆ ಉದಾರಿ. ದಪ್ಪ ಹೆಚ್ಚಿದರೆ ಹೀರುವಿಕೆಯೂ ಹೆಚ್ಚುತ್ತದೆ. 2 ಮಿ.ಮೀ. ಜಾಗದಲ್ಲಿ 3 ಮಿ.ಮೀ. ಹಾಕುವುದು ಬಣ್ಣವನ್ನೂ ಬದಲಿಸುತ್ತದೆ, ಪಕ್ಕದಲ್ಲೇ ಚಲಿಸುವ ಡೈಕ್ರೋಯಿಕ್ ಬ್ಲೇಡ್‌ಗಳಿಗೂ (ಬಣ್ಣದ ಫಿಲ್ಟರ್‌ಗಳಿಗೂ) ತಾಗಬಹುದು. ಕೆಟ್ಟುಹೋದ ಸ್ಲೈಡ್ ಪ್ರೊಜೆಕ್ಟರ್‌ನ ಹೀಟ್ ಗಾಜು ಒಳ್ಳೆಯ ದಾನಿ, ಗಾತ್ರ ಹೊಂದಿದರೆ. ಹೊಂದದಿದ್ದರೆ ಕತ್ತರಿಸುವ ಮುನ್ನ ಅದು ಟೆಂಪರ್ ಆಗಿದೆಯೇ ನೋಡಿ. ಎರಡು ಪೋಲರೈಸಿಂಗ್ ಫಿಲ್ಟರ್‌ಗಳನ್ನು ಅಡ್ಡಡ್ಡ ಹಿಡಿದು ನಡುವೆ ಗಾಜಿಟ್ಟಾಗ ಕಪ್ಪುಬಿಳುಪಿನ ವಿನ್ಯಾಸ ಎದ್ದು ಕಂಡರೆ ಒಳಗೆ ಒತ್ತಡವಿದೆ, ಕತ್ತರಿಸಿದರೆ ಪುಡಿಯಾಗುತ್ತದೆ.

ಕ್ಯಾಮೆರಾ ಲೆನ್ಸ್‌ಗೆ ಹಾಕುವ ಯುವಿ-ಐಆರ್ ಕಟ್ ಫಿಲ್ಟರ್ ಇಲ್ಲಿ ಕೆಲಸಕ್ಕೆ ಬಾರದು. ಅದು ಕೆಂಪನ್ನು 700 ನ್ಯಾನೊಮೀಟರ್‌ಗೂ ಮೊದಲೇ ಕತ್ತರಿಸುವಂಥದ್ದಾದರೆ ಕಾಗದದ ಸಯಾನ್ ಪದರಕ್ಕೆ ಬೇಕಾದ ಬೆಳಕೇ ಹೋಗಿಬಿಡುತ್ತದೆ. ಹೀರುವ ಗಾಜು ಮಾತ್ರ ಇದ್ದ ಹೆಡ್‌ಗೆ ‘ಹೆಚ್ಚುವರಿ ರಕ್ಷಣೆ’ ಎಂದು ಹಾಟ್ ಮಿರರ್ ಸೇರಿಸುವುದೂ ಬೇಡ. ಪ್ರತಿಫಲಿಸಿದ ಶಾಖ ನೇರ ದೀಪಕ್ಕೇ ಮರಳುತ್ತದೆ. ಹ್ಯಾಲೊಜೆನ್ ದೀಪದ ಬುಡದ ಮೊಹರು 350 ಡಿಗ್ರಿ ದಾಟಿದರೆ ಒಳಗಿನ ಮಾಲಿಬ್ಡಿನಮ್ ಹಾಳೆ ಆಕ್ಸಿಡೀಕರಣಗೊಂಡು ದೀಪ ಸಾಯುತ್ತದೆ. ನೇರ ಬೆಳಕಿಗೆಂದು ಮಾಡಿದ ಮಿರರನ್ನು 45 ಡಿಗ್ರಿ ಓರೆಯಲ್ಲಿ ನಿಲ್ಲಿಸಿದರೆ ಅದರ ಕತ್ತರಿಸುವ ಗಡಿ ಕೆಂಪಿನೊಳಕ್ಕೆ ಜಾರುತ್ತದೆ. ಆದ್ದರಿಂದ ಕೊಳ್ಳುವಾಗ ಕೋನವನ್ನೂ ಹೇಳಿ.

ಕೂರಿಸುವುದು

1. ಹೊಸ ಗಾಜಿನ ಅಂಚನ್ನು ಭೂತಗನ್ನಡಿಯಲ್ಲಿ ಸುತ್ತಲೂ ನೋಡಿ. ಚಕ್ಕೆ ಇದ್ದರೆ 400 ಗ್ರಿಟ್‌ನ ವಾಟರ್ ಪೇಪರನ್ನು ಒದ್ದೆ ಮಾಡಿ, ಅಂಚಿನ ಉದ್ದಕ್ಕೆ ಉಜ್ಜಿ ಚೂಪು ತೆಗೆಯಿರಿ. ಅಡ್ಡ ಉಜ್ಜಿದರೆ ಹೊಸ ಗೀರುಗಳೇ ಹುಟ್ಟುತ್ತವೆ. ಟೆಂಪರ್ ಆದ ಗಾಜಿಗೆ ಇದು ಬೇಡ.

2. ಹೋಲ್ಡರ್‌ನಲ್ಲಿ ಉಳಿದ ಗಾಜಿನ ಕಾಳುಗಳನ್ನು ಕುಂಚದಿಂದ ತೆಗೆಯಿರಿ. ಡೈಕ್ರೋಯಿಕ್ ಬ್ಲೇಡ್‌ಗಳ ಮೇಲೆ ಬಿದ್ದ ಚೂರುಗಳನ್ನು ಬ್ಲೋವರ್‌ನಿಂದ ಊದಿ, ಒರೆಸಬೇಡಿ.

3. ಕ್ಲಿಪ್ ಗಾಜನ್ನು ಬೀಳದಂತೆ ಹಿಡಿದರೆ ಸಾಕು. ಬೆರಳಿನಿಂದ ತಳ್ಳಿದಾಗ ಗಾಜು ಅರ್ಧ ಮಿ.ಮೀ. ಜಾರಬೇಕು. ಅಂಟು, ಸಿಲಿಕೋನ್, ಟೇಪ್ ಯಾವುದೂ ಬೇಡ. ಕಾದಾಗ ಅವುಗಳ ಆವಿ ಫಿಲ್ಟರ್‌ಗಳ ಮೇಲೆ ಪೊರೆಯಾಗಿ ಕೂರುತ್ತದೆ.

4. ಫೋಟೊದಲ್ಲಿರುವ ಕ್ರಮವನ್ನೇ ಪಾಲಿಸಿ. ಮೂಲ ಕ್ರಮ ತಿಳಿಯದಿದ್ದರೆ ದೀಪದ ಪಕ್ಕ ಹಾಟ್ ಮಿರರ್, ಕೋಟಿಂಗ್ ದೀಪದ ಕಡೆಗೆ. ಅದರ ಹಿಂದೆ ಹೀರುವ ಗಾಜು. ಎರಡರ ನಡುವೆ ಗಾಳಿ ಆಡಲು ಜಾಗ. ತಿರುಗಾಮುರುಗಾ ಇಟ್ಟರೆ ಹೀರುವ ಗಾಜೇ ಪೂರ್ತಿ ಶಾಖ ನುಂಗಬೇಕಾಗುತ್ತದೆ.

5. ಮುಚ್ಚುವ ಮೊದಲು ಮೂರೂ ಡಯಲ್‌ಗಳನ್ನು ಸೊನ್ನೆಯಿಂದ ಕೊನೆಯವರೆಗೆ ತಿರುಗಿಸಿ. ಎಲ್ಲಾದರೂ ಬಿಗಿ ಎನಿಸಿದರೆ ಗಾಜು ಬ್ಲೇಡ್‌ಗೆ ತಾಗುತ್ತಿದೆ.

ಓಡಿಸಿ ನೋಡುವುದು, ಬಣ್ಣ ಹೊಂದಿಸುವುದು

ಮೊದಲ ಸಲ 10 ಸೆಕೆಂಡ್, ನಂತರ 30, ನಂತರ 60 ಸೆಕೆಂಡ್ ಹೊತ್ತಿಸಿ, ನಡುನಡುವೆ ತಣಿಯಲು ಬಿಡಿ. ‘ಟಿಕ್’ ಎಂಬ ಸದ್ದು ಕೇಳಿದರೆ ಆರಿಸಿ, ಪ್ಲಗ್ ಕಿತ್ತು ತೆರೆದು ನೋಡಿ. ಕ್ಯಾರಿಯರ್‌ನಲ್ಲಿ ಥರ್ಮೊಕಪಲ್ (ತಾಪ ಅಳೆಯುವ ತಂತಿ) ಇಟ್ಟು ಒಂದು ನಿಮಿಷದಲ್ಲಿ ತಾಪ ಎಷ್ಟು ಏರಿತು ಎಂದು ಬರೆದಿಡಿ. ತಂತಿಯ ತುದಿ ತಾನೇ ಬೆಳಕು ಹೀರುವುದರಿಂದ ಆ ಅಂಕಿ ನಿಜವಾದ ಫಿಲ್ಮ್ ತಾಪವಲ್ಲ. ಆದರೆ ಹೊಸ ಗಾಜಿನ ಮೊದಲು, ನಂತರ ಹೋಲಿಸಲು ಸಾಕು. ಗನ್ ಮಾದರಿಯ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ, ಇಲ್ಲಿ ಬಳಸಬೇಡಿ. ಇದಾದ ಮೇಲೆ ಗ್ರೇನ್ ಫೋಕಸರ್ ಪರೀಕ್ಷೆಯನ್ನು ಮತ್ತೆ ಮಾಡಿ.

ಹಳೆಯ ಫಿಲ್ಟ್ರೇಶನ್ ಅಂಕಿಗಳು, ಅಂದರೆ ಬಣ್ಣದ ಡಯಲ್‌ಗಳ ಅಂಕಿಗಳು, ಇನ್ನು ಲೆಕ್ಕಕ್ಕಿಲ್ಲ. ಗ್ರೇ ಕಾರ್ಡ್ (ಬಣ್ಣ ಹೋಲಿಸಲು ಚಿತ್ರದಲ್ಲಿ ಇಡುವ ಬೂದು ಹಾಳೆ) ಇರುವ, ಚೆನ್ನಾಗಿ ಪರಿಚಯವಿರುವ ನೆಗೆಟಿವ್ ತೆಗೆದುಕೊಂಡು, ಹಳೆಯ ಅಂಕಿಯಲ್ಲೇ ಒಂದು ಪ್ರಿಂಟ್ ಮಾಡಿ. ಕಾಣೆಯಾಗಿದ್ದ ಹೀರುವ ಗಾಜು ಈಗ ಬಂದಿದ್ದರೆ ಪ್ರಿಂಟ್ ಕೆಂಪಿಗೆ ವಾಲುತ್ತದೆ. ಹಳದಿ, ಮಜೆಂಟಾ ಎರಡನ್ನೂ 5 ಯುನಿಟ್‌ನಂತೆ ಒಟ್ಟಿಗೆ ಏರಿಸುತ್ತ ಬನ್ನಿ, ಸಯಾನ್ ಡಯಲ್ ಸೊನ್ನೆಯಲ್ಲೇ ಇರಲಿ. ಎಕ್ಸ್‌ಪೋಶರ್ ಸಮಯವೂ ಸ್ವಲ್ಪ ಹೆಚ್ಚಬೇಕಾಗುತ್ತದೆ. ಕಲರ್ ಅನಲೈಸರ್ (ಬೆಳಕಿನ ಬಣ್ಣ ಅಳೆದು ಫಿಲ್ಟ್ರೇಶನ್ ಹೊಂದಿಸಲು ನೆರವಾಗುವ ಮೀಟರ್) ಇದ್ದರೆ ಅದರ ಉಳಿಸಿಟ್ಟ ಸೆಟ್ಟಿಂಗ್‌ಗಳನ್ನು ಅಳಿಸಿ ಹೊಸದಾಗಿ ಹೊಂದಿಸಿ. ಅದರ ಸೆನ್ಸರ್ ಕೆಂಪನ್ನು ಕಾಣುವ ರೀತಿಯೇ ಕಾಗದ ಕಾಣುವ ರೀತಿಗಿಂತ ಬೇರೆ.

ನಡುಭಾಗ ಸರಿಹೋಗಿ ಒಂದು ಮೂಲೆ ಮಾತ್ರ ಬೇರೆ ಬಣ್ಣ ತೋರಿದರೆ ಹೀಟ್ ಫಿಲ್ಟರನ್ನು ಮತ್ತೆ ಬಿಚ್ಚಬೇಡಿ. ನೆಗೆಟಿವ್ ಇಲ್ಲದೆ, ಫಿಲ್ಟ್ರೇಶನ್ ಹಾಕಿ, ಮಧ್ಯಮ ಬೂದು ಬರುವಂತೆ ಒಂದು ಹಾಳೆ ಎಕ್ಸ್‌ಪೋಸ್ ಮಾಡಿ. ನಂತರ ಮಿಕ್ಸಿಂಗ್ ಬಾಕ್ಸನ್ನು ತಿರುಗಿಸಿ ಕೂರಿಸಲು ಆಗುವ ಮಾದರಿಯಾದರೆ 180 ಡಿಗ್ರಿ ತಿರುಗಿಸಿ ಇನ್ನೊಂದು ಹಾಳೆ ಮಾಡಿ. ಕಲೆ ಬಾಕ್ಸ್ ಜೊತೆಗೇ ತಿರುಗಿದರೆ ಬಾಕ್ಸ್ ಹೋಗಿದೆ. ಇದ್ದಲ್ಲೇ ಉಳಿದರೆ ದೀಪ ತನ್ನ ಹೋಲ್ಡರ್‌ನಲ್ಲಿ ಸೊಟ್ಟಗೆ ಕೂತಿದೆ, ಅಥವಾ ಡೈಕ್ರೋಯಿಕ್ ಬ್ಲೇಡ್‌ಗಳಲ್ಲಿ ಒಂದು ತನ್ನ ಚೌಕಟ್ಟಿನಲ್ಲಿ ಸರಿದಿದೆ.